ಕುಸಿದ ಪ್ರೋಗ್ರಾಮಿನ ಸ್ಥಳ ಮಹಜರು

ಅಕ್ಕಿಯ ಗಿರಣಿಯೊಂದರಲ್ಲಿ ಚಕ್ರಕ್ಕೆ ತೊಡಿಸಿದ ಪಟ್ಟಿ ಕಿತ್ತುಹೋಯಿತೆಂದು ಭಾವಿಸೋಣ. ಗಿರಣಿ ನಿಂತುಹೋಗುತ್ತದೆ, ಆದರೆ ಕಿತ್ತ ಪಟ್ಟಿ ಎಲ್ಲಿಗೂ ಹೋಗುವುದಿಲ್ಲ. ಮಿಸ್ತ್ರಿ ಬಂದು ಅದರ ತುದಿಗಳನ್ನು ಬೆಳಕಿಗೆ ಹಿಡಿದು, ಸವೆದು ಕಿತ್ತಿತೋ, ಬಿಗಿ ಹೆಚ್ಚಾಗಿ ಹರಿಯಿತೋ ಎಂಬುದನ್ನು ಗೊತ್ತುಮಾಡಬಲ್ಲನು. ಮನೆಯ ದೀಪಗಳು ಆರಿದಾಗ ಫ್ಯೂಸಿನ ಕರಗಿದ ತಂತಿಯೇ ನಡೆದ ಸಂಗತಿಯನ್ನು ತಿಳಿಸುತ್ತದೆ. ಮುರಿದ ವಸ್ತುವೇ ಮುರಿದ ಬಗೆಗೆ ಸಾಕ್ಷಿಯಾಗಿ ಉಳಿಯುವುದು ಸಾಮಾನ್ಯ ಯಂತ್ರಗಳ ಲಕ್ಷಣ.

ಕಂಪ್ಯೂಟರಿನಲ್ಲಿ ನಡೆಯುವ ಪ್ರೋಗ್ರಾಮಿನ ವಿಷಯ ಹೀಗಲ್ಲ. ಅದಕ್ಕೆ ಕಬ್ಬಿಣದ ಮೈಯಿಲ್ಲ, ತೊಗಲಿನ ಪಟ್ಟಿಯಿಲ್ಲ. ಸ್ಮೃತಿಕೋಶದಲ್ಲಿ ಕ್ಷಣಕ್ಷಣಕ್ಕೂ ಬದಲಾಗುತ್ತಿರುವ ಅಂಕಿಗಳ ವಿನ್ಯಾಸವೇ ಅದರ ದೇಹ. ಅದು ನಡುವೆಯೇ ಅನಿರೀಕ್ಷಿತವಾಗಿ ಕುಸಿದುಬಿದ್ದರೆ, ಕಂಪ್ಯೂಟರಿನ ಒಟ್ಟು ಆಡಳಿತವನ್ನು ನೋಡಿಕೊಳ್ಳುವ ಆಪರೇಟಿಂಗ್ ಸಿಸ್ಟಂ ಒಡನೆಯೇ ಅದಕ್ಕೆ ಕೊಟ್ಟಿದ್ದ ಸ್ಮೃತಿಯನ್ನು ಹಿಂದಕ್ಕೆ ಪಡೆದು, ಬೇರೆ ಕೆಲಸಗಳಿಗೆ ಹಂಚಿಬಿಡುತ್ತದೆ. ಕೊಲೆ ನಡೆದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ, ಸಾರಿಸಿ, ಹೊಸ ಬಾಡಿಗೆದಾರರನ್ನು ಕೂರಿಸಿದಂತೆ! ಏನು ನಡೆಯಿತೆಂದು ಆಮೇಲೆ ಯಾರು ಹೇಳಬಲ್ಲರು?

ಈ ತೊಂದರೆಯನ್ನು ಕಂಡ ತಜ್ಞರು ಒಂದು ಉಪಾಯವನ್ನು ಹೂಡಿದ್ದಾರೆ. ಪ್ರೋಗ್ರಾಮು ಕುಸಿದ ಕ್ಷಣದಲ್ಲಿಯೇ, ಸ್ಥಳವನ್ನು ಗುಡಿಸುವ ಮೊದಲು, ದೋಷಪರೀಕ್ಷಕವೊಂದು ತಾನಾಗಿಯೇ ಎದ್ದು ಬಂದು ಮಹಜರು ನಡೆಸುವಂತೆ ಏರ್ಪಡಿಸುವುದೇ ಆ ಉಪಾಯ. ಈ ಪರೀಕ್ಷಕಕ್ಕೆ ಡಿಬಗ್ಗರ್ ಎಂದು ಹೆಸರು. ಅದು ಹೇಗೆ ಬರುತ್ತದೆ, ಬಂದು ಏನನ್ನು ನೋಡುತ್ತದೆ, ಯಾವ ಎಡೆಯಲ್ಲಿ ಅದನ್ನು ಕರೆಯಬಾರದು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಕುಸಿಯುವುದೆಂದರೇನು?

ಪ್ರೋಗ್ರಾಮೆಂಬುದು ಆದೇಶಗಳ ಒಂದು ಸರಣಿ. ಕಂಪ್ಯೂಟರಿನ ಪ್ರೊಸೆಸರು ಈ ಆದೇಶಗಳನ್ನು ಓದಿ ನಡೆಸುತ್ತಾ ಹೋಗುತ್ತದೆ. ಇಂದಿನ ಪ್ರೊಸೆಸರುಗಳು ಸೆಕೆಂಡಿಗೆ ನೂರಾರು ಕೋಟಿ ಆದೇಶಗಳನ್ನು ನಡೆಸಬಲ್ಲವು. ಇವುಗಳ ನಡುವೆ ಎಂದಾದರೊಮ್ಮೆ ನಡೆಸಲಾಗದ ಆದೇಶವೊಂದು ಎದುರಾಗುವುದುಂಟು. ಪೂರ್ಣಾಂಕವೊಂದನ್ನು ಸೊನ್ನೆಯಿಂದ ಭಾಗಿಸಬೇಕೆಂಬ ಆದೇಶ ಬರಬಹುದು. ಗಣಿತದಲ್ಲಿ ಇದಕ್ಕೆ ಅರ್ಥವಿಲ್ಲ, ಆದುದರಿಂದ ಅನೇಕ ಪ್ರೊಸೆಸರುಗಳು ಇದನ್ನು ನಡೆಸಲು ನಿರಾಕರಿಸುತ್ತವೆ. ಪ್ರೊಸೆಸರಿಗೆ ಗೊತ್ತೇ ಇಲ್ಲದ ಆದೇಶ ಬರಬಹುದು. ಇವೆರಡಕ್ಕಿಂತಲೂ ಹೆಚ್ಚಾಗಿ ಕಾಣುವುದು ಮೂರನೆಯ ಬಗೆ: ತನಗೆ ಸೇರದ ಸ್ಮೃತಿಯನ್ನು ಓದಲು ಅಥವಾ ಅದರಲ್ಲಿ ಬರೆಯಲು ಪ್ರೋಗ್ರಾಮು ಯತ್ನಿಸುವುದು.

ಸ್ಮೃತಿಕೋಶವನ್ನು ಒಂದು ಊರಿನ ಹೊಲಗಳಿಗೆ ಹೋಲಿಸಬಹುದು. ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಇರುವಂತೆ ಸ್ಮೃತಿಯ ಪ್ರತಿಯೊಂದು ಮನೆಗೂ ಒಂದು ವಿಳಾಸವುಂಟು. ಯಾವ ಪ್ರೋಗ್ರಾಮಿಗೆ ಯಾವ ವಿಳಾಸಗಳು ಸಲ್ಲುತ್ತವೆ ಎಂಬ ಪಹಣಿಯನ್ನು ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡಿರುತ್ತದೆ. ಪ್ರೋಗ್ರಾಮು ಬೇಲಿ ಹಾರಿದ ಒಡನೆಯೇ ಪ್ರೊಸೆಸರು ಕೆಲಸವನ್ನು ಅಲ್ಲಿಗೇ ತಡೆದು, ಅಧಿಕಾರವನ್ನು ಆಪರೇಟಿಂಗ್ ಸಿಸ್ಟಮಿಗೆ ಒಪ್ಪಿಸುತ್ತದೆ. ಆಪರೇಟಿಂಗ್ ಸಿಸ್ಟಂ ಪಹಣಿಯನ್ನು ನೋಡುತ್ತದೆ. ಆ ವಿಳಾಸ ನಿಜವಾಗಿಯೂ ಅಕ್ರಮವೆಂದು ಕಂಡರೆ, ಇಂತಹ ಪ್ರಸಂಗಕ್ಕೆ ಪ್ರೋಗ್ರಾಮು ತಾನೇ ಏನಾದರೂ ಪರಿಹಾರವನ್ನು ಸಿದ್ಧಪಡಿಸಿಕೊಂಡಿದೆಯೆ ಎಂದು ವಿಚಾರಿಸುತ್ತದೆ. ಇಲ್ಲವೆಂದಾದರೆ ಪ್ರೋಗ್ರಾಮಿನ ಆಯುಸ್ಸು ಮುಗಿಯಿತು. ಇದನ್ನೇ ಕುಸಿತ ಎನ್ನುವುದು.

ಇಲ್ಲಿ ಒಂದು ಅಂಶವನ್ನು ವಾಚಕರು ಗಮನಿಸಬೇಕು. ತಪ್ಪು ಆದೇಶ ಎದುರಾದ ಕ್ಷಣದಲ್ಲಿ ಪ್ರೋಗ್ರಾಮು ಇನ್ನೂ ಅಳಿದಿಲ್ಲ, ನಿಂತಿದೆ, ಅಷ್ಟೆ. ಅದರ ಎಲ್ಲ ಅಂಕಿಗಳೂ ಇದ್ದಲ್ಲಿಯೇ ಇವೆ. ಕುಸಿತಕ್ಕೂ ಅಳಿವಿಗೂ ನಡುವೆ ಇರುವ ಈ ಕಿರಿದಾದ ಎಡೆಯೇ ಡಿಬಗ್ಗರಿಗೆ ದೊರೆಯುವ ಅವಕಾಶ.

ಮಹಜರಿನಲ್ಲಿ ಕಾಣುವುದೇನು?

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ವಿದ್ಯಾರ್ಥಿನಿಲಯವೊಂದರ ಊಟದ ಖರ್ಚನ್ನು ತಿಂಗಳು ತಿಂಗಳೂ ವಿದ್ಯಾರ್ಥಿಗಳ ತಲೆಗೆ ಹಂಚುವ ಪ್ರೋಗ್ರಾಮೊಂದು ಇದೆ ಎನ್ನೋಣ. ಅದರಲ್ಲಿ ಮೂರು ಭಾಗಗಳು: 'ವರ್ಷದ ಲೆಕ್ಕ' ಎಂಬುದು 'ತಿಂಗಳ ಲೆಕ್ಕ' ಎಂಬುದನ್ನು ಹನ್ನೆರಡು ಬಾರಿ ಕರೆಯುತ್ತದೆ, 'ತಿಂಗಳ ಲೆಕ್ಕ'ವು ಖರ್ಚನ್ನೂ ಹಾಜರಿಯನ್ನೂ ಒಟ್ಟುಮಾಡಿ 'ತಲಾ ಖರ್ಚು' ಎಂಬ ಭಾಗಕ್ಕೆ ಒಪ್ಪಿಸುತ್ತದೆ, ಆ ಭಾಗವು ಒಂದನ್ನು ಇನ್ನೊಂದರಿಂದ ಭಾಗಿಸಿ ಉತ್ತರವನ್ನು ಹಿಂದಿರುಗಿಸುತ್ತದೆ. ಜೂನ್ ತಿಂಗಳಿನಿಂದ ಏಪ್ರಿಲ್ ವರೆಗೆ ಲೆಕ್ಕ ಸರಾಗವಾಗಿ ನಡೆದು, ಆಮೇಲೆ ಪ್ರೋಗ್ರಾಮು ಥಟ್ಟನೆ ಕುಸಿಯುತ್ತದೆ. ಮಹಜರು ಇಲ್ಲದಿದ್ದರೆ ನಿಲಯಪಾಲಕರಿಗೆ ಸಿಗುವ ಸುದ್ದಿ ಒಂದೇ: ಪ್ರೋಗ್ರಾಮು ನಿಂತಿದೆ.

ಡಿಬಗ್ಗರು ಸಮಯಕ್ಕೆ ಬಂದರೆ ಕಾಣುವ ನೋಟವೇ ಬೇರೆ. ಮೊದಲನೆಯದಾಗಿ, ಪ್ರೊಸೆಸರಿನ ಒಳಗೇ ಇರುವ ರಿಜಿಸ್ಟರುಗಳೆಂಬ ಪುಟ್ಟ ಕೋಶಗಳಲ್ಲಿ ಒಂದು, ನಡೆಯುತ್ತಿದ್ದ ಆದೇಶದ ವಿಳಾಸವನ್ನು ಹೊಂದಿರುತ್ತದೆ. ಅದನ್ನು ಓದಿ ಡಿಬಗ್ಗರು, 'ತಲಾ ಖರ್ಚು' ಎಂಬ ಭಾಗದ ಭಾಗಾಕಾರದಲ್ಲಿ ಪ್ರೋಗ್ರಾಮು ನಿಂತಿದೆಯೆಂದು ಹೇಳುತ್ತದೆ. ಎರಡನೆಯದಾಗಿ, ಆ ಕ್ಷಣದ ಬೆಲೆಗಳು: ಖರ್ಚು ೧೮,೪೦,೦೦೦ ಪೈಸೆ, ಹಾಜರಿ ೦. ಮೂರನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಒಂದು ಭಾಗ ಇನ್ನೊಂದನ್ನು ಕರೆದಾಗಲೆಲ್ಲ, ಕೆಲಸ ಮುಗಿದ ಮೇಲೆ ಎಲ್ಲಿಗೆ ಹಿಂದಿರುಗಬೇಕೆಂಬ ಚೀಟಿಯೊಂದು ಸ್ಮೃತಿಯಲ್ಲಿ ಒಂದರ ಮೇಲೊಂದು ಪೇರಿಸಲ್ಪಡುತ್ತದೆ. ಇದಕ್ಕೆ ಕಾಲ್ ಸ್ಟ್ಯಾಕ್, ಅಂದರೆ ಕರೆಗಳ ಪೇರಿಕೆ, ಎಂದು ಹೆಸರು. ಚೀಟಿಗಳನ್ನು ಮೇಲಿನಿಂದ ಕೆಳಗೆ ಓದುತ್ತಾ ಹೋದರೆ 'ತಲಾ ಖರ್ಚ'ನ್ನು ಕರೆದದ್ದು 'ತಿಂಗಳ ಲೆಕ್ಕ', ಅದನ್ನು ಕರೆದದ್ದು 'ವರ್ಷದ ಲೆಕ್ಕ', ಆಗ ತಿಂಗಳ ಸಂಖ್ಯೆ ೫ ಆಗಿತ್ತು ಎಂದು ತಿಳಿಯುತ್ತದೆ.

ಕಥೆ ಪೂರ್ಣವಾಯಿತು. ಮೇ ತಿಂಗಳಲ್ಲಿ ರಜೆ. ವಿದ್ಯಾರ್ಥಿಗಳು ಯಾರೂ ಇಲ್ಲ. ಅಡುಗೆಯವರ ಸಂಬಳ ಮಾತ್ರ ಖರ್ಚಿಗೆ ಬಿದ್ದಿದೆ. ಭಾಗಾಕಾರದ ಭಾಗದಲ್ಲಿ ತಪ್ಪಿಲ್ಲ. ರಜೆಯ ತಿಂಗಳೆಂಬುದೊಂದು ಉಂಟೆಂಬ ವಿಚಾರವೇ ಹೊಳೆಯದೆ 'ತಿಂಗಳ ಲೆಕ್ಕ'ವನ್ನು ಬರೆದುದರಲ್ಲಿದೆ. ಬಿದ್ದ ಸ್ಥಳ ಒಂದು, ಎಡವಿದ ಸ್ಥಳ ಇನ್ನೊಂದು. ಇವೆರಡರ ನಡುವಣ ದಾರಿಯನ್ನು ತೋರಿಸುವುದು ಕರೆಗಳ ಪೇರಿಕೆ. ಅದು ಉಳಿದಿರುವುದಾದರೋ ಸ್ಮೃತಿಯನ್ನು ಗುಡಿಸುವವರೆಗೆ ಮಾತ್ರ.

ಕೇಂಬ್ರಿಜ್ಜಿನ ಮೆಟ್ಟಿಲುಗಳು

ಪ್ರೋಗ್ರಾಮುಗಳ ಮರಣೋತ್ತರ ಪರೀಕ್ಷೆಯ ಇತಿಹಾಸವು ಪ್ರೋಗ್ರಾಮುಗಳಷ್ಟೇ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ತಂಡ ನಿರ್ಮಿಸಿದ ಎಡ್ಸಾಕ್ ಎಂಬ ಕಂಪ್ಯೂಟರು ೧೯೪೯ರ ಮೇ ೬ರಂದು ಮೊದಲ ಬಾರಿಗೆ ಲೆಕ್ಕವೊಂದನ್ನು ಮಾಡಿತು. ಸುಮಾರು ೩,೦೦೦ ವಾಲ್ವುಗಳು, ಪಾದರಸ ತುಂಬಿದ ಕೊಳವೆಗಳ ಸ್ಮೃತಿ, ಆದೇಶಗಳನ್ನು ಒಳಗೆ ಕಳುಹಿಸಲು ತೂತು ಕೊರೆದ ಕಾಗದದ ಪಟ್ಟಿ: ಇದು ಅದರ ಸ್ವರೂಪ. ಅದೇ ವರ್ಷ ವಿಲ್ಕ್ಸ್ ಅವರು ಏರಿಯ ಸಮೀಕರಣವೆಂದು ಭೌತವಿಜ್ಞಾನಿಗಳಿಗೆ ಪರಿಚಿತವಾದ ಅವಕಲ ಸಮೀಕರಣವನ್ನು ಬಿಡಿಸಲು ೧೨೬ ಆದೇಶಗಳ ಒಂದು ಪ್ರೋಗ್ರಾಮನ್ನು ಬರೆದರು. ಅಷ್ಟು ಚಿಕ್ಕದರಲ್ಲಿಯೇ ಸುಮಾರು ಇಪ್ಪತ್ತು ದೋಷಗಳಿದ್ದವು. ಯಂತ್ರದ ಕೋಣೆಗೂ ಪಟ್ಟಿಗೆ ತೂತು ಕೊರೆಯುವ ಕೋಣೆಗೂ ನಡುವಣ ಮೆಟ್ಟಿಲುಗಳನ್ನು ಹತ್ತಿಳಿಯುತ್ತಿದ್ದಾಗ, ತಮ್ಮ ಉಳಿದ ಆಯುಸ್ಸಿನ ಬಹುಭಾಗ ತಮ್ಮವೇ ಪ್ರೋಗ್ರಾಮುಗಳ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆಯುವುದೆಂಬ ಅರಿವು ತಮಗೆ ಬಲವಾಗಿ ಮೂಡಿತೆಂದು ಅವರು ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಆಗಿನ ಕಾಲದಲ್ಲಿ ಪ್ರೋಗ್ರಾಮು ನಿಂತುಹೋದರೆ, ಬರೆದವರು ಯಂತ್ರದ ಮುಂದೆ ಕುಳಿತು ಒಂದೊಂದೇ ಆದೇಶವನ್ನು ನಡೆಸಿ ನೋಡುತ್ತಿದ್ದರು. ಯಂತ್ರ ಒಂದೇ, ಸರದಿಯಲ್ಲಿ ಕಾಯುವವರು ಹಲವರು. ಆದುದರಿಂದ ಇದೇ ಕೇಂಬ್ರಿಜ್ಜಿನಲ್ಲಿ ಬೇರೊಂದು ಹಾದಿಯನ್ನು ಕಂಡುಕೊಂಡರು. ಪ್ರೋಗ್ರಾಮು ನಿಂತ ಮೇಲೆ ಇನ್ನೊಂದು ಪುಟ್ಟ ಪಟ್ಟಿಯನ್ನು ಯಂತ್ರಕ್ಕೆ ಊಡಿಸಿದರೆ, ಅದು ಸ್ಮೃತಿಯ ಬೇಕಾದ ಭಾಗದಲ್ಲಿದ್ದ ಅಂಕಿಗಳನ್ನು ಟೆಲಿಪ್ರಿಂಟರಿನಲ್ಲಿ ಅಚ್ಚುಮಾಡಿಕೊಡುತ್ತಿತ್ತು. ಬರೆದವರು ಆ ಕಾಗದವನ್ನು ತಮ್ಮ ಕೋಣೆಗೆ ಒಯ್ದು ಸಾವಧಾನವಾಗಿ ಓದಬಹುದಾಗಿತ್ತು. ಈ ಪಟ್ಟಿಗೆ ಅವರು ಇಟ್ಟ ಹೆಸರು ಪೋಸ್ಟ್‌ಮಾರ್ಟಂ. ಪ್ರೋಗ್ರಾಮುಗಳ ತಪ್ಪುಗಳನ್ನು ಪತ್ತೆಹಚ್ಚುವ ವಿಧಾನಗಳ ಬಗೆಗೆ ಅದೇ ತಂಡದ ಸ್ಟಾನ್ಲಿ ಗಿಲ್ ೧೯೫೧ರಲ್ಲಿ ಪ್ರೌಢ ಲೇಖನವೊಂದನ್ನು ಪ್ರಕಟಿಸಿದರು.

ಮುಂದೆ ಪಾದರಸದ ಕೊಳವೆಗಳು ಹೋಗಿ ಫೆರೈಟಿನ ಪುಟ್ಟ ಉಂಗುರಗಳಿಂದಾದ ಸ್ಮೃತಿ ಬಂದಿತು. ೧೯೫೩ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವರ್ಲ್‌ವಿಂಡ್ ಯಂತ್ರದಲ್ಲಿ ಇದನ್ನು ಅಳವಡಿಸಿದರು. ಉಂಗುರದಲ್ಲಿ ಕಾಂತತ್ವವು ಒಂದು ದಿಕ್ಕಿನಲ್ಲಿ ಸುತ್ತಿದರೆ ೧, ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ೦. ವಿದ್ಯುತ್ತು ನಿಂತರೂ ಕಾಂತತ್ವ ಉಳಿಯುತ್ತಿದ್ದುದರಿಂದ ಈ ಸ್ಮೃತಿಯು ಒಳ್ಳೆಯ ಸಾಕ್ಷಿಯಾಗಿತ್ತು. ಉಂಗುರಕ್ಕೆ ಕೋರ್ ಎಂದು ಹೆಸರಿದ್ದುದರಿಂದ, ಕುಸಿದ ಪ್ರೋಗ್ರಾಮಿನ ಸ್ಮೃತಿಯನ್ನೆಲ್ಲ ಹೊರಕ್ಕೆ ಸುರಿದು ದಾಖಲೆಮಾಡುವ ಕ್ರಿಯೆಗೆ ಕೋರ್ ಡಂಪ್ ಎಂಬ ಹೆಸರು ಬಂದಿತು. ಉಂಗುರಗಳು ಎಂದೋ ಮಾಯವಾಗಿ ಅವುಗಳ ಎಡೆಯಲ್ಲಿ ಸಿಲಿಕಾನ್ ಚಿಪ್ಪುಗಳು ಬಂದಿವೆ. ಆದರೂ ೧೯೭೧ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನಿಂದ ಹಿಡಿದು ಇಂದಿನ ಲಿನಕ್ಸ್ ವರೆಗೆ, ಆ ದಾಖಲೆಗೆ 'ಕೋರ್' ಎಂಬ ಹೆಸರೇ ಉಳಿದುಕೊಂಡಿದೆ.

ಕೀಟಗಳೂ ಕೀಟನಾಶಕಗಳೂ

ಕೋರ್ ಡಂಪು ಶವಪರೀಕ್ಷೆಯ ವರದಿಯಿದ್ದಂತೆ. ಅದನ್ನು ಓದಬಹುದೇ ಹೊರತು, ಅದರೊಡನೆ ಮಾತನಾಡಲು ಬಾರದು. ನಿಂತ ಪ್ರೋಗ್ರಾಮಿನ ಮುಂದೆ ಕುಳಿತು, ಈ ಅಂಕಿ ಎಷ್ಟು, ಆ ಅಂಕಿ ಎಷ್ಟು ಎಂದು ಕೇಳಿ, ಬೇಕಾದರೆ ಅಂಕಿಯನ್ನು ತಿದ್ದಿ ಮುಂದಕ್ಕೆ ನಡೆಸುವ ಸಾಧನವೇ ಡಿಬಗ್ಗರು.

ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಯಂತ್ರಗಳ ದೋಷಕ್ಕೆ ಬಗ್, ಅಂದರೆ ಹುಳು, ಎನ್ನುವ ವಾಡಿಕೆ ಥಾಮಸ್ ಎಡಿಸನ್ನರ ಕಾಲದಿಂದಲೂ ಇತ್ತು. ೧೯೪೭ರ ಸೆಪ್ಟೆಂಬರ್ ೯ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ ೨ ಎಂಬ ಗಣಕದ ರಿಲೇಯೊಂದರಲ್ಲಿ ನಿಜವಾದ ಪತಂಗವೇ ಸಿಕ್ಕಿಕೊಂಡಿತ್ತು. ಕೆಲಸದಲ್ಲಿದ್ದವರು ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿಟ್ಟರು. ಹುಳುವಿದ್ದ ಮೇಲೆ ಕೀಟನಾಶಕವೂ ಬೇಕಷ್ಟೆ? ಎಂ.ಐ.ಟಿ.ಯ ಟಿಎಕ್ಸ್-೦ ಯಂತ್ರದಲ್ಲಿ ದೋಷ ಹುಡುಕಲು ಬರೆದ ಪ್ರೋಗ್ರಾಮಿಗೆ ಫ್ಲಿಟ್ ಎಂದು ಹೆಸರಿಟ್ಟರು. ೧೯೬೧ರಲ್ಲಿ ಅಲ್ಲಿಯೇ ಪಿಡಿಪಿ-೧ ಯಂತ್ರಕ್ಕಾಗಿ ಬರೆದುದಕ್ಕೆ ಡಿಡಿಟಿ ಎಂದು ಹೆಸರಾಯಿತು. ಫ್ಲಿಟ್ ಪಂಪನ್ನೂ, ೧೯೫೩ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಮನೆಗಳ ಗೋಡೆಗಳಿಗೆ ಸಿಂಪಡಿಸಿದ ಡಿಡಿಟಿಯನ್ನೂ ಬಲ್ಲ ನಮ್ಮ ಹಿರಿಯರಿಗೆ ಈ ವಿನೋದವನ್ನು ವಿವರಿಸಬೇಕಾಗಿಲ್ಲ.

೧೯೬೦ರ ದಶಕದ ಕೊನೆಯಲ್ಲಿ ಅದೇ ಸಂಸ್ಥೆಯಲ್ಲಿ ರೂಪುಗೊಂಡ ಐ.ಟಿ.ಎಸ್. ಎಂಬ ಆಪರೇಟಿಂಗ್ ಸಿಸ್ಟಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಬಳಕೆದಾರನು ಯಾವ ಪ್ರೋಗ್ರಾಮನ್ನು ಆರಂಭಿಸಬೇಕಾದರೂ ಡಿಡಿಟಿಯ ಮೂಲಕವೇ ಆರಂಭಿಸಬೇಕಾಗಿತ್ತು. ಹೀಗಾಗಿ ಪ್ರೋಗ್ರಾಮು ಎಡವಿದ ಕೂಡಲೇ ಅಧಿಕಾರ ಡಿಡಿಟಿಯ ಕೈಗೆ ಬರುತ್ತಿತ್ತು. ಪರೀಕ್ಷಕನನ್ನು ಕರೆಯುವ ಅಗತ್ಯವೇ ಇರಲಿಲ್ಲ. ಅವನು ಮೊದಲಿನಿಂದಲೂ ಬಾಗಿಲಲ್ಲಿಯೇ ಕುಳಿತಿರುತ್ತಿದ್ದನು.

ಕರೆಯದೆ ಬರುವ ಪರೀಕ್ಷಕ

ಡಿಬಗ್ಗರನ್ನು ಹೀಗೆ ಮೊದಲಿನಿಂದಲೂ ಜೊತೆಯಲ್ಲಿಟ್ಟುಕೊಂಡೇ ಪ್ರೋಗ್ರಾಮುಗಳನ್ನು ನಡೆಸಿದರಾಯಿತಲ್ಲ, ಕುಸಿದ ಮೇಲೆ ಕರೆಯುವುದೇಕೆ ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹಿತವಾಗುವಂತಹುದು. ಜಿಮ್ ಗ್ರೇ ಎಂಬ ಕಂಪ್ಯೂಟರ್ ವಿಜ್ಞಾನಿ ೧೯೮೫ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ದೋಷಗಳನ್ನು ಎರಡು ಜಾತಿಗಳಾಗಿ ವಿಂಗಡಿಸಿದರು. ಬೋರ್ ಅವರ ಪರಮಾಣುವಿನಂತೆ ಖಚಿತವಾಗಿ, ಪ್ರತಿ ಸಲವೂ ಒಂದೇ ರೀತಿಯಲ್ಲಿ ಕಾಣಿಸಿಕೊಳ್ಳುವಂಥವು ಬೋರ್‌ಬಗ್ಗುಗಳು. ಹುಡುಕಲು ಹೊರಟೊಡನೆ ಮರೆಯಾಗುವಂಥವು ಹೈಸೆನ್‌ಬಗ್ಗುಗಳು. ವೀಕ್ಷಣೆಯೇ ವೀಕ್ಷಿತ ವಸ್ತುವನ್ನು ಕದಲಿಸುತ್ತದೆಂಬ ಮಾತಿನೊಡನೆ ಹೈಸೆನ್‌ಬರ್ಗ್ ಅವರ ಹೆಸರು ಬೆರೆತಿದೆಯಷ್ಟೆ. ಒಂದು ಪ್ರೋಗ್ರಾಮಿನ ಎರಡು ಶಾಖೆಗಳು ಏಕಕಾಲದಲ್ಲಿ ನಡೆಯುತ್ತಾ, ಒಂದು ಇನ್ನೊಂದಕ್ಕಿಂತ ಸೆಕೆಂಡಿನ ಕೋಟಿಯ ಒಂದು ಪಾಲು ಮುಂದಾದರೆ ಮಾತ್ರ ಕುಸಿತ ಸಂಭವಿಸುವುದಾದರೆ, ಡಿಬಗ್ಗರಿನ ಕಾವಲಿನಲ್ಲಿ ನಡಿಗೆಯ ಲಯವೇ ಬದಲಾಗಿ ಆ ದೋಷ ತಲೆಯೆತ್ತದಿರಬಹುದು. ಕಾವಲು ತೆಗೆದೊಡನೆ ಮತ್ತೆ ಕುಸಿತ! ಇಂತಹ ದೋಷವನ್ನು ಹಿಡಿಯಬೇಕಾದರೆ ಪ್ರೋಗ್ರಾಮನ್ನು ಸ್ವತಂತ್ರವಾಗಿ ಓಡಲು ಬಿಟ್ಟು, ಅದು ಬಿದ್ದ ಕ್ಷಣದಲ್ಲಿ ಮಾತ್ರ ಪರೀಕ್ಷಕನು ಹಾಜರಾಗಬೇಕು.

ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎನ್.ಟಿ. ವಂಶದ ಆಪರೇಟಿಂಗ್ ಸಿಸ್ಟಮುಗಳಲ್ಲಿ ಇದಕ್ಕೆ ಅಚ್ಚುಕಟ್ಟಾದ ಏರ್ಪಾಡಿದೆ. ವ್ಯವಸ್ಥೆಯ ಎಲ್ಲ ಕಟ್ಟಳೆಗಳನ್ನು ಬರೆದಿಡುವ ರಿಜಿಸ್ಟ್ರಿ ಎಂಬ ದಫ್ತರದಲ್ಲಿ ಎಇಡಿಬಗ್ ಎಂಬ ಒಂದು ಪುಟ. ಅದರಲ್ಲಿ ಮುಖ್ಯವಾದ ಎರಡು ನಮೂದುಗಳು. ಕುಸಿತ ಸಂಭವಿಸಿದಾಗ ಯಾವ ಡಿಬಗ್ಗರನ್ನು ಕರೆಯಬೇಕೆಂಬುದು ಒಂದು. ಕೇಳಿ ಕರೆಯಬೇಕೋ ಕೇಳದೆ ಕರೆಯಬೇಕೋ ಎಂಬುದು ಇನ್ನೊಂದು. ಎರಡನೆಯದರ ಬೆಲೆ ೦ ಆಗಿದ್ದರೆ ಬಳಕೆದಾರನ ಮುಂದೆ ಪ್ರಶ್ನೆಯೊಂದು ಮೂಡುತ್ತದೆ. ೧ ಆಗಿದ್ದರೆ ಡಿಬಗ್ಗರು ತಾನಾಗಿಯೇ ಬರುತ್ತದೆ.

ಕುಸಿತದ ಸುದ್ದಿ ಬಂದಾಗ ಆಪರೇಟಿಂಗ್ ಸಿಸ್ಟಂ ಈ ಪುಟವನ್ನು ತೆರೆದು, ಅಲ್ಲಿ ಹೇಳಿದ ಡಿಬಗ್ಗರನ್ನು ಒಂದು ಪ್ರತ್ಯೇಕ ಪ್ರೋಗ್ರಾಮಾಗಿ ಆರಂಭಿಸುತ್ತದೆ. ಆರಂಭಿಸುವಾಗ ಅದರ ಕೈಗೆ ಎರಡು ಸಂಖ್ಯೆಗಳನ್ನು ಕೊಡುತ್ತದೆ: ಬಿದ್ದ ಪ್ರೋಗ್ರಾಮಿನ ಗುರುತಿನ ಸಂಖ್ಯೆ ಒಂದು, 'ನಾನು ಬಂದು ತಲಪಿದೆ' ಎಂದು ತಿಳಿಸಲು ಬಾರಿಸಬೇಕಾದ ಗಂಟೆಯ ಸಂಖ್ಯೆ ಇನ್ನೊಂದು. ಗಂಟೆಯ ಸದ್ದಾಗುವವರೆಗೂ ಬಿದ್ದ ಪ್ರೋಗ್ರಾಮನ್ನು ಯಾರೂ ಅಲುಗಿಸುವುದಿಲ್ಲ. ಡಿಬಗ್ಗರು ಅದಕ್ಕೆ ಅಂಟಿಕೊಂಡು, ರಿಜಿಸ್ಟರುಗಳನ್ನೂ ಸ್ಮೃತಿಯನ್ನೂ ವಶಕ್ಕೆ ತೆಗೆದುಕೊಂಡ ಮೇಲೆ ಗಂಟೆ ಬಾರಿಸುತ್ತದೆ. ಅನಂತರ ಪ್ರೋಗ್ರಾಮನ್ನು ಬರೆದಾತನು ಅದರ ಮುಂದೆ ಕುಳಿತು ಪ್ರಶ್ನೆಗಳನ್ನು ಕೇಳಬಹುದು.

ಪರೀಕ್ಷಕನು ಪ್ರತ್ಯೇಕ ಪ್ರೋಗ್ರಾಮಾಗಿರಬೇಕೆಂಬುದರಲ್ಲಿ ಮರ್ಮವಿದೆ. ಬಿದ್ದ ಪ್ರೋಗ್ರಾಮಿನ ಒಳಗೇ ಪರೀಕ್ಷೆಯ ಆದೇಶಗಳನ್ನು ಸೇರಿಸಿಡಬಹುದು. ಹಾಗೆ ಮಾಡುವವರೂ ಉಂಟು. ಆದರೆ ಅದರ ಸ್ಮೃತಿಯೇ ಕದಡಿಹೋಗಿರುವಾಗ, ಆ ಸ್ಮೃತಿಯನ್ನೇ ನೆಚ್ಚಿದ ಆದೇಶಗಳು ನೆಟ್ಟಗೆ ನಡೆದಾವೆಂಬ ಭರವಸೆಯೇನು? ತಲೆಗೆ ಪೆಟ್ಟು ಬಿದ್ದವನು ತನ್ನ ಗಾಯವನ್ನು ತಾನೇ ಪರೀಕ್ಷಿಸಿಕೊಳ್ಳುವುದಕ್ಕಿಂತ ವೈದ್ಯರು ಹೊರಗಿನಿಂದ ಬರುವುದು ಮೇಲು.

ವಿಂಡೋಸಿನಲ್ಲಿ ಈ ಕೆಲಸಕ್ಕೆ ಬಹುಕಾಲ ನಿಯುಕ್ತವಾಗಿದ್ದ ಪ್ರೋಗ್ರಾಮಿನ ಹೆಸರು ಡಾಕ್ಟರ್ ವಾಟ್ಸನ್. ಪತ್ತೇದಾರ ಷರ್ಲಾಕ್ ಹೋಮ್ಸನ ಜೊತೆಗಾರನೂ ಅವನ ಸಾಹಸಗಳನ್ನು ಬರೆದಿಡುವವನೂ ಆದ ವೈದ್ಯನ ಹೆಸರಿದು. ಈ ವಾಟ್ಸನ್ನನೂ ಸ್ಥಳದ ವಿವರಗಳನ್ನು ಗುರುತು ಹಾಕಿಕೊಂಡು ದಾಖಲೆಮಾಡುತ್ತಿದ್ದನು. ಊಹೆಯ ಕೆಲಸ ಓದುವವರದು. ಲಿನಕ್ಸಿನಲ್ಲಿ ಕೋರ್ ಡಂಪಿನ ಸಂಪ್ರದಾಯವೇ ಮುಂದುವರಿದಿದೆಯಾದರೂ, ೨೦೦೬ರಿಂದ ಈಚೆಗೆ ಡಂಪನ್ನು ನೇರವಾಗಿ ಮತ್ತೊಂದು ಪ್ರೋಗ್ರಾಮಿನ ಕೈಗೆ ಹರಿಸುವ ಅನುಕೂಲ ಸೇರಿಕೊಂಡಿದೆ. ಆ ಪ್ರೋಗ್ರಾಮು ಡಂಪನ್ನು ಕಾಪಿಡಬಹುದು, ಅಥವಾ ಕರೆಗಳ ಪೇರಿಕೆಯನ್ನು ಬಿಡಿಸಿ ವರದಿ ಬರೆಯಬಹುದು. ಅದನ್ನು ಕೂಲಂಕಷವಾಗಿ ಓದಲು ರಿಚರ್ಡ್ ಸ್ಟಾಲ್‌ಮನ್ ೧೯೮೬ರಲ್ಲಿ ಬರೆದ ಜಿಡಿಬಿ ಎಂಬ ಡಿಬಗ್ಗರು ಇಂದಿಗೂ ಬಳಕೆಯಲ್ಲಿದೆ.

ಎಲ್ಲಿ ಕರೆಯಬೇಕು, ಎಲ್ಲಿ ಕೂಡದು?

ಇಷ್ಟು ಒಳ್ಳೆಯ ಏರ್ಪಾಡನ್ನು ಎಲ್ಲ ಕಂಪ್ಯೂಟರುಗಳಲ್ಲಿಯೂ ಜಾರಿಗೆ ತರಬಹುದಲ್ಲವೆ? ತರಬಾರದು. ಪ್ರೋಗ್ರಾಮನ್ನು ಬರೆಯುತ್ತಿರುವವನ ಮೇಜಿನ ಮೇಲೆ ಡಿಬಗ್ಗರು ಥಟ್ಟನೆ ತೆರೆದುಕೊಳ್ಳುವುದು ವರ. ಬ್ಯಾಂಕಿನ ಗುಮಾಸ್ತರ ಮುಂದೆ ತೆರೆದುಕೊಂಡರೆ ಅದು ತೊಡಕು. ಅವರಿಗೆ ರಿಜಿಸ್ಟರುಗಳ ಅಂಕಿಗಳಿಂದ ಪ್ರಯೋಜನವಿಲ್ಲ. ಅಲ್ಲಿ ಸದ್ದಿಲ್ಲದೆ ದಾಖಲೆ ಬರೆದಿಟ್ಟು, ಪ್ರೋಗ್ರಾಮನ್ನು ಮತ್ತೆ ಆರಂಭಿಸುವುದೇ ಸರಿ. ರಾತ್ರಿಯಿಡೀ ಯಾರೂ ಇಲ್ಲದ ಕೋಣೆಯಲ್ಲಿ ಸಾವಿರಾರು ಜನರಿಗೆ ಸೇವೆ ಸಲ್ಲಿಸುವ ಕಂಪ್ಯೂಟರಿನಲ್ಲಿ ಡಿಬಗ್ಗರು ಬಂದು ಪ್ರೋಗ್ರಾಮನ್ನು ಹಿಡಿದು ನಿಲ್ಲಿಸಿಕೊಂಡು, ಪ್ರಶ್ನೆ ಕೇಳುವವರಿಗಾಗಿ ಬೆಳಗಿನವರೆಗೆ ಕಾದರೆ, ಕುಸಿತಕ್ಕಿಂತ ಕಾಯುವಿಕೆಯಿಂದಲೇ ಹೆಚ್ಚು ನಷ್ಟವಾದೀತು.

ಗುಟ್ಟಿನ ಪ್ರಶ್ನೆಯೂ ಉಂಟು. ಸ್ಮೃತಿಯ ದಾಖಲೆಯಲ್ಲಿ ದೋಷದ ಕುರುಹುಗಳು ಮಾತ್ರವಲ್ಲದೆ, ಆಗ ಬರೆಯುತ್ತಿದ್ದ ಪತ್ರ, ಗುಪ್ತ ಸಂಕೇತಪದ, ರೋಗಿಯ ವಿವರ ಎಲ್ಲವೂ ಇರಬಹುದು. ಮಹಜರಿಗೆ ಬಂದವರಿಗೆ ಮನೆಯ ಕಬ್ಬಿಣದ ಪೆಟ್ಟಿಗೆಯೂ ತೆರೆದು ಕಂಡಂತೆ. ಈ ಕಾರಣದಿಂದಲೇ ವಿಶೇಷಾಧಿಕಾರ ಪಡೆದು ನಡೆಯುವ ಕೆಲವು ಪ್ರೋಗ್ರಾಮುಗಳು ಕುಸಿದರೆ, ಲಿನಕ್ಸು ಬೇರೆ ಅಪ್ಪಣೆಯಿಲ್ಲದೆ ಡಂಪನ್ನು ಬರೆಯುವುದೇ ಇಲ್ಲ.

ಕುಸಿದಾಗ ಏನು ಮಾಡಬೇಕೆಂಬುದನ್ನು ಸ್ಥಳವನ್ನರಿತು ನಿರ್ಧರಿಸದಿದ್ದರೆ ಎಂತಹ ಅನಾಹುತವಾದೀತೆಂಬುದಕ್ಕೆ ಯೂರೋಪಿನ ಏರಿಯಾನ್ ೫ ರಾಕೆಟ್ಟಿನ ಮೊದಲ ಹಾರಾಟ ನಿದರ್ಶನ. ೧೯೯೬ರ ಜೂನ್ ೪ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಅದು ಮೇಲೇರಿತು. ಉಡಾವಣೆಯ ಕ್ರಮ ಆರಂಭವಾಗಿ ಸುಮಾರು ೪೦ ಸೆಕೆಂಡುಗಳಲ್ಲಿ, ಸುಮಾರು ೩,೭೦೦ ಮೀಟರು ಎತ್ತರದಲ್ಲಿ, ದಾರಿ ತಪ್ಪಿ, ಒಡೆದು, ಸಿಡಿದು ಹೋಯಿತು. ರಾಕೆಟ್ಟಿನ ನಿಲುವನ್ನೂ ಚಲನೆಯನ್ನೂ ಅಳೆಯುವ ಎರಡು ಒಂದೇ ಬಗೆಯ ಉಪಕರಣಗಳು ಅದರಲ್ಲಿದ್ದವು. ಒಂದು ಕೆಟ್ಟರೆ ಇನ್ನೊಂದು. ಅವುಗಳ ಪ್ರೋಗ್ರಾಮಿನಲ್ಲಿ, ೬೪ ಬಿಟ್ಟುಗಳ ದಶಮಾಂಶ ಸಂಖ್ಯೆಯೊಂದನ್ನು ೧೬ ಬಿಟ್ಟುಗಳ ಪೂರ್ಣಾಂಕವಾಗಿ ಪರಿವರ್ತಿಸುವ ಆದೇಶವೊಂದಿತ್ತು. ೧೬ ಬಿಟ್ಟುಗಳಲ್ಲಿ ಹಿಡಿಯುವ ಅತಿ ದೊಡ್ಡ ಧನಪೂರ್ಣಾಂಕ ೩೨,೭೬೭. ಹಿಂದಿನ ಏರಿಯಾನ್ ೪ ರಾಕೆಟ್ಟಿನಲ್ಲಿ ಆ ಸಂಖ್ಯೆ ಮಿತಿಯನ್ನು ದಾಟಿರಲಿಲ್ಲ. ಹೊಸ ರಾಕೆಟ್ಟಿನ ಸಮತಲ ವೇಗ ಹೆಚ್ಚಾದುದರಿಂದ ದಾಟಿತು. ಎರಡೂ ಉಪಕರಣಗಳಲ್ಲಿ ಒಂದೇ ಪ್ರೋಗ್ರಾಮು ಇದ್ದುದರಿಂದ ಒಂದರ ಹಿಂದೆ ಇನ್ನೊಂದು ಕುಸಿಯಿತು. ಆ ಲೆಕ್ಕವಾದರೋ ರಾಕೆಟ್ಟು ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ!

ನಮ್ಮ ವಿಷಯಕ್ಕೆ ಸಂಬಂಧಪಟ್ಟ ಅಂಶ ಇನ್ನು ಮುಂದಿನದು. ತಪ್ಪು ಕಂಡರೆ ಪ್ರೊಸೆಸರು ನಿಲ್ಲಬೇಕು, ತಪ್ಪಿನ ವಿವರವನ್ನು ಹೊರಕ್ಕೆ ತಿಳಿಸಬೇಕು ಎಂಬುದು ಆ ಉಪಕರಣದ ಕಟ್ಟಳೆಯಾಗಿತ್ತು. ಅದು ಕಟ್ಟಳೆಯಂತೆಯೇ ನಡೆಯಿತು. ದೋಷದ ವಿವರವನ್ನು ತಂತಿಯ ಮೇಲೆ ಕಳುಹಿಸಿತು. ಮುಖ್ಯ ಕಂಪ್ಯೂಟರು ಆ ಅಂಕಿಗಳನ್ನು ಹಾರಾಟದ ಅಳತೆಗಳೆಂದು ಭಾವಿಸಿ, ಇಲ್ಲದ ಓರೆಯನ್ನು ಸರಿಪಡಿಸಲು ಎಂಜಿನ್ನುಗಳ ನಳಿಕೆಗಳನ್ನು ಪೂರ್ತಿಯಾಗಿ ಹೊರಳಿಸಿತು. ಪ್ರಯೋಗಾಲಯದ ಮೇಜಿನ ಮೇಲೆ ಶಿಸ್ತಿನ ಮಹಜರು ಎನಿಸಿಕೊಳ್ಳುತ್ತಿದ್ದ ವರದಿಯೇ ಆಕಾಶದಲ್ಲಿ ರಾಕೆಟ್ಟಿಗೆ ಮುಳುವಾಯಿತು. ಹಾರಾಟದ ನಡುವೆ ಬೇಕಾಗಿದ್ದುದು ದೋಷದ ದಾಖಲೆಯಲ್ಲ. ಸಾಧ್ಯವಾದಷ್ಟು ಒಳ್ಳೆಯ ಅಂದಾಜಿನೊಡನೆ ಮುಂದುವರಿಯುವುದು.

ಆದರೂ ಸಾಕ್ಷ್ಯ ತನ್ನ ಕೆಲಸವನ್ನು ಕೊನೆಗೆ ಮಾಡಿಯೇ ಮಾಡಿತು. ಅವಶೇಷಗಳು ಸುಮಾರು ೧೨ ಚದರ ಕಿಲೋಮೀಟರುಗಳ ಜೌಗು ನೆಲದಲ್ಲಿಯೂ ಹುಲ್ಲುಗಾವಲಿನಲ್ಲಿಯೂ ಚೆದುರಿಬಿದ್ದಿದ್ದವು. ಅವುಗಳ ನಡುವೆ ಎರಡೂ ಉಪಕರಣಗಳನ್ನು ಹುಡುಕಿ ತೆಗೆದರು. ಕೊನೆಯಲ್ಲಿ ಕುಸಿದ ಉಪಕರಣದ ಕೆಲವು ಮಾಹಿತಿ ರೇಡಿಯೋ ಮೂಲಕ ನೆಲಕ್ಕೆ ಬಂದಿರಲಿಲ್ಲ. ಕೆಸರಿನಿಂದೆತ್ತಿದ ಆ ಪೆಟ್ಟಿಗೆಯ ಪರೀಕ್ಷೆಯು ಘಟನೆಗಳ ಅನುಕ್ರಮವನ್ನು ಗೊತ್ತುಮಾಡಲು ಬಹಳ ನೆರವಾಯಿತು. ವಿಚಾರಣಾ ಮಂಡಲಿಯು ಆರೇಳು ವಾರಗಳಲ್ಲಿಯೇ, ಅದೇ ವರ್ಷದ ಜುಲೈ ೧೯ರಂದು, ಕಾರಣವನ್ನು ಸಂಶಯಕ್ಕೆಡೆಯಿಲ್ಲದಂತೆ ವರದಿಮಾಡಿತು. ದೋಷವನ್ನು ತಿದ್ದಿದ ಮೇಲೆ ಇದೇ ಮಾದರಿಯ ರಾಕೆಟ್ಟು ೨೦೦೦ದ ಮಾರ್ಚ್ ತಿಂಗಳಲ್ಲಿ ನಮ್ಮ ಇಸ್ರೋ ಸಂಸ್ಥೆಯ ಇನ್ಸಾಟ್-೩ಬಿ ಉಪಗ್ರಹವನ್ನು ಅಂತರಿಕ್ಷಕ್ಕೆ ಒಯ್ದಿತು.

ಮುನ್ನೆಚ್ಚರಿಕೆಯ ವಿನಯ

ಕುಸಿತವನ್ನು ತಡೆಯುವ ಶಕ್ತಿ ಡಿಬಗ್ಗರಿಗೆ ಇಲ್ಲ. ಸರಿಯಾದ ಉತ್ತರವನ್ನು ಹೇಳುವ ಶಕ್ತಿಯೂ ಇಲ್ಲ. ಬಿದ್ದ ಸ್ಥಳ ಅಳಿಯದಂತೆ ನೋಡಿಕೊಂಡು, ಮನುಷ್ಯನ ಬುದ್ಧಿ ಅಲ್ಲಿಗೆ ಬಂದು ತಲಪುವವರೆಗೆ ಕಾವಲಿರುವುದು, ಅಥವಾ ಕಾವಲಿರಲಾಗದ ಕಡೆ ನಂಬಿಕೆಗೆ ಅರ್ಹವಾದ ದಾಖಲೆಯನ್ನು ಉಳಿಸುವುದು, ಇಷ್ಟೇ ಅದರ ಕೆಲಸ. ಆದರೆ ಇಷ್ಟು ನಡೆಯದಿದ್ದರೆ ದೋಷವನ್ನು ತಿದ್ದುವವನು ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ. ಅದೇ ಕುಸಿತ ನಾಳೆ ಇನ್ನೊಬ್ಬರ ಮೇಜಿನ ಮೇಲೆ, ನಾಡಿದ್ದು ಆಸ್ಪತ್ರೆಯ ಯಂತ್ರದಲ್ಲಿ ಮರಳಿ ಬಂದೀತು.

ಈ ಏರ್ಪಾಡನ್ನು ಕುಸಿತಕ್ಕಿಂತ ಮೊದಲೇ ಮಾಡಿಟ್ಟಿರಬೇಕು ಎಂಬುದೇ ಇದರ ಮುಖ್ಯ ನಿಯಮ. ಬಿದ್ದ ಮೇಲೆ ಹುಡುಕಿದರೆ ಎಇಡಿಬಗ್ ಪುಟ ಖಾಲಿ, ಕೋರ್ ಡಂಪಿಗೆ ಅಪ್ಪಣೆಯಿಲ್ಲ, ಸಾಕ್ಷ್ಯವೂ ಇಲ್ಲ. ಮೊದಲೇ ಸಿದ್ಧಪಡಿಸುವವನು ತನ್ನ ಕೃತಿ ಎಂದಾದರೊಂದು ದಿನ ಎಡವುವುದೆಂದು ಒಪ್ಪಿಕೊಂಡಂತಾಯಿತು. ೧೯೪೯ರಲ್ಲಿ ವಿಲ್ಕ್ಸ್ ಅವರಿಗೆ ಕೇಂಬ್ರಿಜ್ಜಿನ ಮೆಟ್ಟಿಲುಗಳ ಮೇಲೆ ಉಂಟಾದ ಅರಿವೂ ಇದೇ. ಕಂಪ್ಯೂಟರುಗಳ ವೇಗ ಅಂದಿನಿಂದ ಕೋಟಿ ಪಾಲು ಬೆಳೆದರೂ ಆ ಅರಿವು ಹಳೆಯದಾಗಿಲ್ಲ. ಪ್ರೋಗ್ರಾಮು ಬರೆಯಲು ಕಲಿಯುವ ತರುಣರು ಅದನ್ನು ಅಧೈರ್ಯದಿಂದಲ್ಲದೆ, ಸರ್ವೆ ಕಲ್ಲನ್ನು ನೆಟ್ಟು ಬೇಸಾಯಕ್ಕೆ ಇಳಿಯುವ ರೈತನ ಎಚ್ಚರದಿಂದ ಸ್ವೀಕರಿಸುವುದು ಒಳ್ಳೆಯದು.